ಉದರವಾಣಿ ಕಲಿತ ಕನ್ನಡ

ಉದರವಾಣಿ ಇಂಗ್ಲಿಷಿನಲ್ಲಿ ನಿಜ ಹೇಳುತ್ತಿತ್ತು, ಜರ್ಮನ್ ಭಾಷೆಯಲ್ಲೂ ನಿಜ ಹೇಳುತ್ತಿತ್ತು, ಕನ್ನಡಕ್ಕೆ ಬಂದ ಕೂಡಲೇ ಹಸಿಹಸಿ ಸುಳ್ಳು ಹೇಳಲು ಶುರು ಮಾಡಿತು. ಅದಕ್ಕೆ ಕನ್ನಡ ಕಲಿಸಿದವಳು ಕಸ್ತೂರಿ. ಹಾಗಾಗಿ ಯಂತ್ರದ ಹೆಸರಿನಲ್ಲಿ ಬರುವ ಬೈಗುಳವೆಲ್ಲ ಅವಳ ಪಾಲಿಗೇ ಬರುವ ಲಕ್ಷಣವಿತ್ತು.

"ಕಸ್ತೂರಿ ಅವರ, ನಾ ಇನ್ನೂ ಒಂದ ರೊಟ್ಟಿ ತಿಂದೇನಿ. ಅಷ್ಟರಾಗ ಇದು ಸಾಕು ಸಾಕು ಅಂತ ಒದರಾಕತ್ತೇತಿ. ನನ್ನ ಹೊಟ್ಟಿ ನನಗ ಗೊತ್ತಿಲ್ಲೇನ್ರಿ? ಅರ್ಧ ಖಾಲಿ ಐತಿ!" ಎಂದರು ಪ್ರಯೋಗಾಲಯದ ಹಿರಿಯ ವಿಜ್ಞಾನಿ ಇರ್ಫಾನ್ ಮುಲ್ಲಾ. ಪರೀಕ್ಷೆಯ ನೆಪದಲ್ಲಿ ಮಧ್ಯಾಹ್ನದ ಬುತ್ತಿಯನ್ನು ಯಂತ್ರಗಳ ನಡುವೆಯೇ ಬಿಚ್ಚಿಕೊಂಡು ಕೂತಿದ್ದರು. ಹೊಟ್ಟೆಯ ಮೇಲ್ಭಾಗಕ್ಕೆ ಅಂಟಿಸಿಕೊಂಡ ಬಿಲ್ಲೆಯಿಂದ ಸಣ್ಣ ದನಿಯೊಂದು ಮತ್ತೆ 'ಸಾಕು' ಎಂದಿತು. ಮುಲ್ಲಾ ಅದನ್ನು ದುರುಗುಟ್ಟಿ ನೋಡಿ ಎರಡನೇ ರೊಟ್ಟಿಗೆ ಕೈ ಹಾಕಿದರು.

ಕಸ್ತೂರಿ ಪರದೆಯ ಮೇಲಿನ ಗೆರೆಗಳನ್ನು ನೋಡಿದಳು. "ಅಲೆ ಸರಿ ಅದಾವ ಸರ್. ಅರ್ಧ ಖಾಲಿ ಅಂತನ ತೋರಸಾಕತ್ತಾವ. ತಪ್ಪಿರೂದು ಮಾತಿನ್ಯಾಗ."

ಉದರವಾಣಿಯೆಂದರೆ ಅಂಥ ದೊಡ್ಡ ಯಂತ್ರವೇನಲ್ಲ. ಹತ್ತು ರೂಪಾಯಿಯ ನಾಣ್ಯದಷ್ಟಿರುವ ಮೆತ್ತನೆಯ ಬಿಲ್ಲೆ. ಜಠರ ಹಿಗ್ಗುವಾಗ, ಕುಗ್ಗುವಾಗ ಏಳುವ ಸಣ್ಣ ವಿದ್ಯುತ್ ಅಲೆಗಳನ್ನೂ ಅಲ್ಲಿಂದ ಮಿದುಳಿಗೆ ಹೋಗುವ ನರದ ಸಂದೇಶಗಳನ್ನೂ ಅದು ಚರ್ಮದ ಹೊರಗಿನಿಂದಲೇ ಆಲಿಸುತ್ತದೆ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟುವುದು ಬಲು ನಿಧಾನ. ಗಬಗಬ ಉಣ್ಣುವವರಿಗೆ ಸುದ್ದಿ ಮುಟ್ಟುವುದರೊಳಗೆ ತಟ್ಟೆ ಖಾಲಿಯಾಗಿರುತ್ತದೆ. ಉದರವಾಣಿ ಆ ಸುದ್ದಿಯನ್ನು ಹೊರಟ ಜಾಗದಲ್ಲೇ ಹಿಡಿದು ಮನುಷ್ಯರ ಮಾತಿನಲ್ಲಿ ಹೇಳುತ್ತದೆ. ಹಸಿವಾಗಿದೆ, ಇನ್ನೂ ಬೇಕು, ಸಾಕು ಎಂಬ ನಾಲ್ಕಾರು ಮಾತು ಬಂದರೆ ಅದರ ವಿದ್ಯಾಭ್ಯಾಸ ಮುಗಿಯಿತು. ಆ ಮಾತುಗಳನ್ನಾದರೂ ಯಾರೂ ಅದಕ್ಕೆ ಬಾಯಿಪಾಠ ಮಾಡಿಸುವುದಿಲ್ಲ. ನೂರಾರು ಮನೆಗಳ ಜನ ಬಿಲ್ಲೆ ಅಂಟಿಸಿಕೊಂಡು, ಎದುರಿಗೊಂದು ಕ್ಯಾಮೆರಾ ಇಟ್ಟುಕೊಂಡು ತಮ್ಮ ಪಾಡಿಗೆ ತಾವು ಊಟ ಮಾಡುತ್ತಾರೆ. ಆಗ ಅವರಾಡಿದ ಮಾತು, ಆ ಕ್ಷಣದಲ್ಲಿ ಹೊಟ್ಟೆಯ ಸ್ಥಿತಿ, ಎರಡನ್ನೂ ತಾಳೆ ಹಾಕಿ ಯಾವ ಸ್ಥಿತಿಗೆ ಯಾವ ಮಾತು ಎಂದು ಯಂತ್ರ ತಾನೇ ಕಲಿತುಕೊಳ್ಳುತ್ತದೆ. ಬೀದರದಿಂದ ಚಾಮರಾಜನಗರದವರೆಗಿನ ಊಟದ ಮಾತುಗಳನ್ನು ಕಸ್ತೂರಿ ಅದಕ್ಕೆ ಕೇಳಿಸಿದ್ದಳು. ಇಷ್ಟೆಲ್ಲ ಕೇಳಿಯೂ ಅದು ಅರ್ಧ ಹೊಟ್ಟೆಗೇ ಸಾಕು ಎನ್ನುತ್ತಿತ್ತು.

ಇದನ್ನು ಬೇಗ ಸರಿಪಡಿಸಲು ಕಸ್ತೂರಿಗೆ ಸ್ವಂತದ್ದೊಂದು ಕಾರಣವಿತ್ತು. ಆ ಕಾರಣಕ್ಕೆ ಹತ್ತು ವರ್ಷ, ಹೆಸರು ಐಸಿರಿ.

ಐಸಿರಿ ಕಸ್ತೂರಿಯ ಒಬ್ಬಳೇ ಮಗಳು. ಬಸ್ಸಿನ ಮೆಟ್ಟಿಲು ಹತ್ತಿದರೆ ಏದುಸಿರು, ಶಾಲೆಯ ಮೈದಾನದಲ್ಲಿ ಎಲ್ಲರ ಚಪ್ಪಲಿ ಕಾಯುವ ಕೆಲಸ. ಅವಳ ರಕ್ತ ಪರೀಕ್ಷೆ ಮಾಡಿಸಿದಾಗ ಮಕ್ಕಳ ಡಾಕ್ಟರಮ್ಮ ಕಸ್ತೂರಿಯನ್ನು ಒಳಗೆ ಕರೆದು ಕೂರಿಸಿಕೊಂಡಿದ್ದರು. ಯಕೃತ್ತಿನಲ್ಲಿ ಕೊಬ್ಬು ಸೇರಿತ್ತು. ರಕ್ತದ ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿತ್ತು.

"ಹೆದರಬ್ಯಾಡ್ರಿ. ಬೆಳಿಯೂ ಹುಡುಗಿ, ತೂಕ ಇಳಸ್ತೀನಿ ಅಂತ ಉಪವಾಸ ಗಿಪವಾಸ ಕೆಡವಬ್ಯಾಡ್ರಿ. ತೂಕ ಇದ್ದಲ್ಲೆ ನಿಲ್ಲಲಿ ಸಾಕು. ಎತ್ತರ ಬೆಳೀತಾ ಬೆಳೀತಾ ಎಲ್ಲಾ ಹೊಂದಿಕೊಂತೈತಿ. ಯುಗಾದಿ ತನಕ ನೋಡೂಣು. ಆಗಲಿಲ್ಲಂದ್ರ ಸೂಜಿ ಇದ್ದ ಐತಿ," ಎಂದಿದ್ದರು ಅವರು.

ಹಸಿವಿನ ಸೂಜಿ ಆ ಕಾಲಕ್ಕೆ ಊರಲ್ಲೆಲ್ಲ ಮಾಮೂಲಾಗಿತ್ತು. ವಾರಕ್ಕೊಮ್ಮೆ ಚುಚ್ಚಿಸಿಕೊಂಡರೆ ಹಸಿವು ಮೆತ್ತಗಾಗುತ್ತಿತ್ತು. ಅದರಿಂದ ಬದುಕು ಹಗುರಾದವರು ಎಷ್ಟೋ ಮಂದಿ. ಕಸ್ತೂರಿಗೆ ಸೂಜಿಯ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ತನ್ನ ಮಗಳದು ಹಸಿವು ಹೆಚ್ಚಾದ ತೊಂದರೆಯಲ್ಲ ಎಂಬ ಗುಮಾನಿ ಅವಳನ್ನು ಕೊರೆಯುತ್ತಿತ್ತು. ಐಸಿರಿ 'ಹಸಿವಾಯಿತು' ಎಂದದ್ದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಇಲ್ಲದ ಹಸಿವನ್ನು ಸೂಜಿಯಿಂದ ಹೊಡೆದು ಓಡಿಸುವುದಾದರೂ ಹೇಗೆ? ಮಗಳು ಇಡೀ ಬದುಕನ್ನು ತನ್ನ ಹೊಟ್ಟೆಯ ಮಾತು ತನಗೇ ಕೇಳದೆ ಕಳೆದುಬಿಟ್ಟರೆ ಎಂದು ಅವಳಿಗೆ ಭಯವಾಗುತ್ತಿತ್ತು.

ಮನೆಯ ಪರಿಸ್ಥಿತಿ ಹೇಗಿತ್ತೆಂದರೆ, ಮನೆಯೇ ಒಂದು ಖಾನಾವಳಿ. ಧಾರವಾಡದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೆಳಗೆ ಖಾನಾವಳಿ, ಮೇಲೆ ಮನೆ. ಬಸ್ಸುಗಳು ಡ್ರೈವರಿಲ್ಲದೆ ಓಡುವ ಕಾಲ ಬಂದಿದ್ದರೂ ಗುರಸಿದ್ದವ್ವನ ಖಾನಾವಳಿಯಲ್ಲಿ ರೊಟ್ಟಿಯನ್ನು ಕೈಯಿಂದಲೇ ಬಡಿಯುತ್ತಿದ್ದರು. ಗುರಸಿದ್ದವ್ವ ಕಸ್ತೂರಿಯ ಅತ್ತೆ. ಮಗ ಶಿವಲಿಂಗ, ಎಂದರೆ ಕಸ್ತೂರಿಯ ಗಂಡ, ಗಲ್ಲೆಯ ಮೇಲೆ ಹಣ ಎಣಿಸುತ್ತ ಕೂತರೆ, ಅವಳು ರೊಟ್ಟಿ ಬುಟ್ಟಿ ಹಿಡಿದು ಸಾಲುಗಳ ನಡುವೆ ತಿರುಗುವಳು. ಅವಳ ಖಾನಾವಳಿಯಿಂದ ಅರೆಹೊಟ್ಟೆಯಲ್ಲಿ ಎದ್ದುಹೋದವರಿಲ್ಲ. ಏಳಬೇಕೆಂದರೂ ಅವಳು ಏಳಲು ಬಿಟ್ಟರೆ ತಾನೆ?

ಐಸಿರಿ ಶಾಲೆ ಬಿಟ್ಟು ಬಂದು ಕೂರುವುದು ಇದೇ ಖಾನಾವಳಿಯ ಮೂಲೆಯ ಮೇಜಿನಲ್ಲಿ. ಕೂತ ಕೂಡಲೇ ಅವಳ ಮುಂದೆ ಶೇಂಗಾ ಉಂಡಿ, ಆಮೇಲೆ ರೊಟ್ಟಿ, ಎಣ್ಣಿಗಾಯಿ, ಮೇಲಿಷ್ಟು ಬೆಣ್ಣೆ. ಹುಡುಗಿ ಮಾತಾಡದೆ ಉಣ್ಣುತ್ತಿದ್ದಳು. ಮಾತೇ ಬಾರದವಳಲ್ಲ. ಬಂದ ಗಿರಾಕಿಗಳ ದನಿಯನ್ನು ಯಥಾವತ್ತಾಗಿ ಅನುಕರಿಸಿ ತೋರಿಸುವುದರಲ್ಲಿ ಅವಳದು ಎತ್ತಿದ ಕೈ. ಊಟಕ್ಕೆ ಕೂತಾಗ ಮಾತ್ರ ಬಾಯಿಗೆ ಬೀಗ.

ಕಸ್ತೂರಿ ಡಾಕ್ಟರಮ್ಮನನ್ನು ಕೇಳಿಕೊಂಡು, ಮುಲ್ಲಾರ ಒಪ್ಪಿಗೆ ಪಡೆದು, ಒಂದು ಬಿಲ್ಲೆಯನ್ನು ಮನೆಗೆ ತಂದಳು. ಯಂತ್ರದ ಕನ್ನಡ ಇನ್ನೂ ತಪ್ಪಾಗಿದ್ದರೂ ಮಗಳ ಹೊಟ್ಟೆಯ ಅಲೆಗಳಾದರೂ ಸಿಗಲಿ ಎಂಬುದು ಅವಳ ಲೆಕ್ಕಾಚಾರ. ಐಸಿರಿಗೆ ಅದು ಹೊಸ ಆಟಿಕೆಯಾಯಿತು. ತಾನೇ ಅಂಟಿಸಿಕೊಂಡು ಮೂಲೆಯ ಮೇಜಿಗೆ ಬಂದು ಕೂತಳು. ಕಸ್ತೂರಿ ಫೋನಿನಲ್ಲಿ ಗೆರೆಗಳನ್ನು ನೋಡುತ್ತ ಪಕ್ಕದಲ್ಲಿದ್ದಳು.

ಅರ್ಧ ಊಟವಾಗುವಷ್ಟರಲ್ಲಿ ಬಿಲ್ಲೆ ಸಣ್ಣಗೆ, "ಸಾಕ್ರಿ" ಎಂದಿತು.

"ಯಾರಬೇ ಅದು ಸಾಕನ್ನವರು?" ಎನ್ನುತ್ತ ಗುರಸಿದ್ದವ್ವ ಇನ್ನೊಂದು ರೊಟ್ಟಿ ಹಾಕಿದಳು.

"ಸಾಕ್ರಿ, ಸಾಕ್ರಿ," ಎಂದಿತು ಬಿಲ್ಲೆ. ಅವಳು ಪಲ್ಯ ಹಾಕಿದಳು. ಬಿಲ್ಲೆಯ ದನಿ ಏರಿತು. "ಅಯ್ಯ, ಬ್ಯಾಡ್ರಿ!" ಅವಳು ಮತ್ತೊಂದು ರೊಟ್ಟಿ ಹಾಕಿದಳು. ಆಗ ಹತ್ತು ವರ್ಷದ ಹುಡುಗಿಯ ಹೊಟ್ಟೆಯ ಮೇಲಿಂದ ಯಾವನೋ ಬೀಗನ ದನಿಯಲ್ಲಿ, "ನಿಮ್ಮಾಣಿ ಸಾಕ್ರೀ ಯಕ್ಕಾರ! ದೇವರಾಣಿ ಬ್ಯಾಡ!" ಎಂಬ ಕೂಗು ಎದ್ದಿತು.

ಖಾನಾವಳಿಯ ಜನರೆಲ್ಲ ತಿರುಗಿ ನೋಡಿದರು. ಐಸಿರಿ ಕೇಕೆ ಹಾಕಿ ನಕ್ಕಳು. ಗುರಸಿದ್ದವ್ವ ಸೊಂಟದ ಮೇಲೆ ಕೈಯಿಟ್ಟು, "ಈ ಯಂತ್ರ ಖರೇನ ನಮ್ಮ ಮಂದೀ ಹಂಗ ಮಾತಾಡ್ತೈತಿ ನೋಡು. ಇಂಥವರನ್ನ ಎಷ್ಟ ಮಂದೀನ ಕಂಡೇನಿ ನಾನು," ಎಂದು ಬುಟ್ಟಿ ಎತ್ತಿಕೊಂಡು ಮುಂದಿನ ಸಾಲಿಗೆ ಹೋದಳು.

ಕಸ್ತೂರಿಯೂ ನಕ್ಕಳು. ನಗುತ್ತಲೇ ಮಗಳನ್ನು ಕೇಳಿದಳು, "ಇದು ಆಣಿ ಹಾಕೂದು ಎಲ್ಲಿ ಕಲೀತು?"

"ಅವ್ವ, ಇದಕ್ಕ ದೊಡ್ಡವರ ಸಾಕು ಬಂದೈತಿ," ಎಂದಳು ಐಸಿರಿ. "ದೊಡ್ಡವರ ಸಾಕಿನ್ಯಾಗ ಮೂರು ಥರ ಅದಾವ. ಕೇಳಿಲ್ಲಿ." ಅವಳು ಬೆನ್ನು ನೆಟ್ಟಗೆ ಮಾಡಿ ಸಂಕೋಚದ ದನಿ ತೆಗೆದಳು. "'ಸಾಕ್ರಿ.' ಇದು ಮರ್ಯಾದಿಗೆ. ಹೊಟ್ಟಿ ಇನ್ನೂ ಹಸದಿರ್ತೈತಿ, ಹೆಂಗಿದ್ರೂ ಆಯಿ ಮತ್ತ ಹಾಕ್ತಾಳ ಅಂತ ಗೊತ್ತಿರ್ತೈತಿ." ಆಮೇಲೆ ಕೈಯನ್ನು ತಟ್ಟೆಯ ಮೇಲೆ ಗಾಳಿಯಲ್ಲಿ ಆಡಿಸಿದಳು. "'ಸಾಕ್ರಿ, ಸಾಕ್ರಿ.' ಇದು ಇನ್ನೊಂದು ಹಾಕಿದ್ರ ನಡೀತೈತಿ ಅಂತ. ಕಡೀದು ಹಿಂಗ." ಅಂಗೈಯನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಅರ್ಧ ಎದ್ದು ನಿಂತು, ಕಣ್ಣು ದೊಡ್ಡದು ಮಾಡಿದಳು. "'ನಿಮ್ಮಾಣಿ ಸಾಕ್ರಿ!' ಇದು ಖರೇ ಸಾಕು."

ಕಸ್ತೂರಿಯ ತಲೆಯಲ್ಲಿ ಏನೋ ಥಟ್ಟನೆ ಕೂಡಿಕೊಂಡಿತು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಕನ್ನಡಿಗರು ಎಲ್ಲಿ 'ಸಾಕು' ಎನ್ನುತ್ತಾರೋ ಅಲ್ಲೇ ಅದೂ ಎನ್ನುತ್ತಿತ್ತು. ನೂರಾರು ಮನೆಗಳ ಮರ್ಯಾದೆಯನ್ನು ನಂಬಿ ಕೆಟ್ಟಿತ್ತು ಅಷ್ಟೆ.

"ಮತ್ತ ನಿನ್ನ ಸಾಕು ಯಾವುದು?" ಎಂದು ಅವಳು ಮಗಳನ್ನು ಕೇಳಿದಳು.

ಐಸಿರಿ ಭುಜ ಕುಣಿಸಿದಳು. "ನಾ ಅನ್ನೂದ ಇಲ್ಲ."

"ಯಾಕ?"

"ಅಂದ್ರ ಯಾರ ಕೇಳ್ತಾರ? ಸುಮ್ನ ತಿಂದ್ರ ಲಗೂ ಮುಗೀತೈತಿ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಹೇಳಿ, ತಟ್ಟೆಯಲ್ಲಿ ಉಳಿದ ರೊಟ್ಟಿಯನ್ನು ಮುರಿದುಕೊಂಡಳು. ಕಸ್ತೂರಿಯ ಫೋನಿನ ಗೆರೆಗಳ ಪ್ರಕಾರ ಹುಡುಗಿಯ ಹೊಟ್ಟೆ ಆಗಲೇ ತುಂಬಿ ಬಹಳ ಹೊತ್ತಾಗಿತ್ತು.

ಮರುದಿನ ಪ್ರಯೋಗಾಲಯದಲ್ಲಿ ವಿಷಯ ಕೇಳಿ ಮುಲ್ಲಾ ಹಣೆ ಚಚ್ಚಿಕೊಂಡರು. "ಅಲ್ರೀ, ನಮ್ಮ ಮನ್ಯಾಗ ಈದ್ ದಿನ ನಾನೂ ಹಿಂಗ ಮಾಡ್ತೀನಲ್ರಿ! ಮೊದಲನೇ ಸಲಕ್ಕ ಹೂಂ ಅಂದ್ರ ಆಸೆಬುರುಕ ಅಂತಾರಂತ ಬ್ಯಾಡ ಬ್ಯಾಡ ಅಂತೀನಿ. ಈಗೇನು ಮಾಡೂದು? ಖರೇ ಸಾಕನ್ನ ಎಲ್ಲಿಂದ ತರೂದು?"

"ಮರ್ಯಾದಿ ಗೊತ್ತಿಲ್ಲದವರ ಹತ್ತಿರ ಕೇಳೂಣು ಸರ್," ಎಂದಳು ಕಸ್ತೂರಿ.

ಇಬ್ಬರೂ ಸೇರಿ ಸಂಗ್ರಹದಲ್ಲಿದ್ದ ಊಟಗಳನ್ನು ಉಂಡವರ ವಯಸ್ಸಿನ ಪ್ರಕಾರ ಬೇರ್ಪಡಿಸಿದರು. ಪರದೆಯ ಮೇಲೆ ಚಿತ್ರ ಸ್ಪಷ್ಟವಾಗಿ ಮೂಡಿತು. ಆಗತಾನೆ ಮಾತು ಕಲಿತ ಮಕ್ಕಳ 'ಸಾಕು' ಹೊಟ್ಟೆ ತುಂಬಿದ ಕ್ಷಣಕ್ಕೆ ಸರಿಯಾಗಿ ಬಂದು ಕೂರುತ್ತಿತ್ತು. ಕೆಲವರು ಸಾಕು ಎನ್ನುತ್ತಿದ್ದರು, ಕೆಲವರು ಮುಖ ತಿರುಗಿಸುತ್ತಿದ್ದರು, ಕೆಲವರು ತುತ್ತನ್ನು ಥೂ ಎಂದು ಉಗಿಯುತ್ತಿದ್ದರು. ಯಾವುದರಲ್ಲೂ ಸುಳ್ಳಿರಲಿಲ್ಲ. ಶಾಲೆಗೆ ಹೋಗುವ ವಯಸ್ಸು ಬರುತ್ತಿದ್ದಂತೆ ಮಾತು ಒಂದು ಕಡೆ, ಹೊಟ್ಟೆ ಒಂದು ಕಡೆ ಜಾರತೊಡಗುತ್ತಿತ್ತು. ಕೆಲವು ಮಕ್ಕಳು ದೊಡ್ಡವರ ಹಾಗೆ ಬೇಗ ಸಾಕು ಎನ್ನಲು ಕಲಿಯುತ್ತಿದ್ದರು. ಇನ್ನು ಕೆಲವರು ಆ ಮಾತನ್ನು ಆಡುವುದನ್ನೇ ಬಿಟ್ಟುಬಿಡುತ್ತಿದ್ದರು. ಐಸಿರಿ ಈ ಎರಡನೇ ಗುಂಪಿನವಳು.

"ಹುಟ್ತಾ ಎಲ್ಲಾರೂ ಬಲ್ಲವರ," ಎಂದರು ಮುಲ್ಲಾ ಮೆಲ್ಲಗೆ. "ನಾವ ಮರಸ್ತೀವಿ."

ಯಂತ್ರದ ಹಳೆಯ ಕನ್ನಡವನ್ನು ಅಳಿಸಿ, ಪುಟ್ಟ ಮಕ್ಕಳ ಊಟದಿಂದಲೇ ಹೊಸದಾಗಿ ಕಲಿಸಿದರು. ಪರೀಕ್ಷೆಗೆ ಮತ್ತೆ ಮುಲ್ಲಾ ಬುತ್ತಿ ಬಿಚ್ಚಿದರು. ಈ ಸಲ ಉದರವಾಣಿ ಅರ್ಧ ಊಟವಾದರೂ ಸುಮ್ಮನಿತ್ತು. ಕೊನೆಗೆ, ಅವರು ಡಬ್ಬಿಯ ತಳದ ಸಿಹಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ "ಸಾಕು" ಎಂದಿತು. ಮುಲ್ಲಾ ಸಿಹಿಯನ್ನೂ ಯಂತ್ರವನ್ನೂ ಒಂದೊಂದು ಸಲ ನೋಡಿ, ಡಬ್ಬಿ ಮುಚ್ಚಿಟ್ಟರು. "ಖರೇ ಮಾತು ಕೇಳಾಕ ಕಠಿಣ ಬಿಡ್ರಿ," ಎಂದರು.

ಯಂತ್ರ ಸರಿಹೋಯಿತು, ಅತ್ತೆ ಸರಿಹೋಗಬೇಕಲ್ಲ! ಕಸ್ತೂರಿ ಅಂದು ಮೆಲ್ಲಗೆ ಮಾತು ತೆಗೆದಳು. "ಅತ್ತೀ, ಆಕಿ ಹೊಟ್ಟಿ ತುಂಬಿದ ಮ್ಯಾಲೂ ಊಟ ನಡೀತೈತಿ. ಇನ್ನ ಮ್ಯಾಲ ಇದು ಸಾಕಂದಾಗ ನಿಲ್ಲಸೂಣ್ರಿ."

ಗುರಸಿದ್ದವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನಿಂತಳು. "ನನ್ನ ಕೈಯಾಗಿನ ರೊಟ್ಟಿ ಈಗ ರೋಗ ಆತೇನು ಕಸ್ತೂರಿ? ಏಳು ತಿಂಗಳಿಗೆ ಹುಟ್ಟಿದ ಕೂಸದು. ಗಾಜಿನ ಪೆಟ್ಟಿಗ್ಯಾಗ ಮಲಗಿಸಿದ್ರು. ನೀ ಆಪರೇಶನ್ ಆಗಿ ಬಿದ್ದಿದ್ದಿ, ನಿನಗೇನು ನೆನಪು? ಒಂದು ಚಮಚ ಹಾಲು ಒಳಗ ಹೋದ್ರ ನರ್ಸ್ ನಗತಿದ್ಲು, ನಾನೂ ನಗತಿದ್ದೆ. ಹೋಗದಿದ್ರ ಇಬ್ರೂ ಅಳತಿದ್ವಿ. ಅವತ್ತಿನಿಂದ ಆಕಿ ಒಂದು ತುತ್ತು ನುಂಗಿದ್ರ ನನಗ ಜೀವ ಬಂದಂಗ ಅಕ್ಕೈತಿ. ಈಗ ಒಂದು ಗುಂಡಿ ಹೇಳತೈತಂತ ನಾ ಕೈ ಹಿಂದ ತಗೀಬೇಕೇನು?"

ಕಸ್ತೂರಿ ಅತ್ತೆಯ ಮೇಲೆ ಇಷ್ಟು ದಿನ ಒಳಗೊಳಗೇ ಇಟ್ಟುಕೊಂಡಿದ್ದ ಸಿಟ್ಟು ಅಲ್ಲೇ ಕರಗಿತು. ಈ ಮುದುಕಿ ಅಂದು ಆಸ್ಪತ್ರೆಯಲ್ಲಿ ಹೆದರಿದವಳು ಇನ್ನೂ ಹೆದರುತ್ತಲೇ ಇದ್ದಾಳೆ ಎಂದು ಅವಳಿಗೆ ಅನಿಸಿತು.

"ಕೊಡು ಇಲ್ಲೆ ಅದನ್ನ," ಎಂದು ಗುರಸಿದ್ದವ್ವ ರೇಗಿ ಕೈ ಚಾಚಿದಳು. "ಅದರ ಖರೇತನ ನಾನೂ ನೋಡ್ತೀನಿ. ನನ್ನ ಹೊಟ್ಟಿ ಏನಂತೈತಿ, ಅದನ್ನ ಹೇಳಲಿ ಮೊದಲ."

ಕಸ್ತೂರಿ ಪ್ರಯೋಗಾಲಯದಿಂದ ಇನ್ನೊಂದು ಬಿಲ್ಲೆ ತಂದುಕೊಟ್ಟಳು. ಗುರಸಿದ್ದವ್ವ ಅದನ್ನು ಸೆರಗಿನೊಳಗೆ ಅಂಟಿಸಿಕೊಂಡು ಶನಿವಾರದ ಗದ್ದಲಕ್ಕೆ ಇಳಿದಳು. ಮಧ್ಯಾಹ್ನ ಸಾಲುಗಳೆಲ್ಲ ತುಂಬಿ ರೊಟ್ಟಿ ಬಡಿಯುವ ಸದ್ದು ಜೋರಾಗಿದ್ದಾಗ, ಅವಳು ಒಬ್ಬ ಗಿರಾಕಿಗೆ ಪಲ್ಯ ಹಾಕಲು ಬಾಗಿದಳು. ಸೆರಗಿನೊಳಗಿಂದ ಪುಟ್ಟ ಮಗುವಿನಂಥ ದನಿ, "ಹಸಿವು," ಎಂದಿತು.

"ಯಕ್ಕಾ, ಯಾರೋ ಹಸಿವು ಅಂದಂಗಾತು," ಎಂದ ಗಿರಾಕಿ.

"ಉಣ್ಣು ನೀ," ಎಂದು ಅವಳು ಮುಂದೆ ಹೋದಳು. ಮುಂದಿನ ಮೇಜಿನ ಬಳಿ ಮತ್ತೆ "ಹಸಿವು." ಅದರ ಮುಂದಿನದಕ್ಕೆ ಹೋದರೆ ಅಲ್ಲೂ "ಹಸಿವು." ಅವಳು ಬಿಲ್ಲೆಗೆ ಸೀರೆಯ ಮೇಲಿಂದಲೇ ಒಂದೇಟು ಹೊಡೆದಳು. ಅದು ಸುಮ್ಮನಾಗಲಿಲ್ಲ. ಗಲ್ಲೆಯ ಮೇಲಿದ್ದ ಶಿವಲಿಂಗ ತಲೆಯೆತ್ತಿ, "ಅವ್ವ, ನೀ ಮುಂಜಾನಿಂದ ಏನ ತಿಂದಿ?" ಎಂದು ಕೇಳಿದ. ಆ ಪ್ರಶ್ನೆಯನ್ನು ಅವನೂ ಇಷ್ಟು ವರ್ಷಗಳಲ್ಲಿ ಕೇಳಿದವನಲ್ಲ. ಗುರಸಿದ್ದವ್ವ ಉಣ್ಣುವುದು ಎಲ್ಲರದೂ ಆದಮೇಲೆ, ಒಲೆಯ ಪಕ್ಕದಲ್ಲಿ ನಿಂತುಕೊಂಡು, ಬುಟ್ಟಿಯ ತಳದಲ್ಲಿ ಉಳಿದದ್ದನ್ನು.

ಶಾಲೆ ಅರ್ಧ ದಿನವಾದ್ದರಿಂದ ಐಸಿರಿ ಅಲ್ಲೇ ಇದ್ದಳು. ಅವಳು ಎದ್ದು ಬಂದು ಅಜ್ಜಿಯ ಕೈಯಿಂದ ಬುಟ್ಟಿ ಕಸಿದುಕೊಂಡಳು. "ಆಯಿ, ಕೂಡು. ನಾ ಹಾಕ್ತೀನಿ."

ಗುರಸಿದ್ದವ್ವ ತನ್ನದೇ ಖಾನಾವಳಿಯಲ್ಲಿ ಗಿರಾಕಿಗಳ ಕುರ್ಚಿಯ ಮೇಲೆ ನಾಚಿಕೊಂಡು ಕೂತಳು. ಐಸಿರಿ ಒಂದು ಬಿಸಿರೊಟ್ಟಿ, ಪಲ್ಯ, ಚಟ್ನಿ ಹಾಕಿ ಪಕ್ಕದಲ್ಲೇ ನಿಂತಳು. ರೊಟ್ಟಿ ಮುಗಿಯಿತು. ಹುಡುಗಿ ಬುಟ್ಟಿ ಮುಂದೆ ಚಾಚಿದಳು.

"ಸಾಕವ್ವಾ," ಎಂದಳು ಗುರಸಿದ್ದವ್ವ.

"ಆತು," ಎಂದು ಐಸಿರಿ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು.

ಗುರಸಿದ್ದವ್ವ ಖಾಲಿ ತಟ್ಟೆಯ ಮುಂದೆ ಕೈ ಹಿಡಿದುಕೊಂಡು ಕೂತಳು. ಹುಡುಗಿ ತಿರುಗಿ ಬರಬಹುದೆಂದು ಒಮ್ಮೆ ಆ ಕಡೆ ನೋಡಿದಳು. ಬರಲಿಲ್ಲ. "ಅಲ್ಲಬೇ ಐಸೀ, ಸಾಕಂದ್ರ ಸಾಕೇನ?" ಎಂದಳು ಕೊನೆಗೆ.

"ಸಾಕಂದ್ರ ಸಾಕ, ಆಯಿ. ನೀನ ಅಂದಿ."

"ಇನ್ನೂ ಬೇಕು," ಎಂದಿತು ಸೆರಗಿನೊಳಗಿನ ಬಿಲ್ಲೆ, ಕೇಳುವವರಿಗೆಲ್ಲ ಕೇಳುವಂತೆ.

ಖಾನಾವಳಿಗೆ ಖಾನಾವಳಿಯೇ ನಕ್ಕಿತು. ಗುರಸಿದ್ದವ್ವನೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಇಳಿದ ಮೇಲೂ ಕಣ್ಣಿನ ನೀರು ನಿಲ್ಲಲಿಲ್ಲ. ಅವಳು ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ನೀನೂ ದಿನಾ ಹಿಂಗ ಕುಂತಿದ್ದಿ, ಹೌದಿಲ್ಲೋ? ನಾ ಉಲ್ಟಾ ಮಾಡ್ತಿದ್ದೆ, ತುಂಬಿದ ಹೊಟ್ಟಿಗೆ ಮತ್ತ ಹಾಕ್ತಿದ್ದೆ. ನೀ ನನ್ನ ಒಂದ ಮಾತಿಗೆ ಕೈ ಹಿಂದ ತಗೊಂಡಿ. ನಾ ನಿನ್ನ ಮಾತು ಒಂದಿನಾನೂ ಕೇಳಲಿಲ್ಲ ನೋಡು, ಯವ್ವಾ."

ಐಸಿರಿ ಬುಟ್ಟಿಯನ್ನು ಮತ್ತೆ ಮುಂದೆ ಹಿಡಿದಳು. "ಈಗ ಎಷ್ಟು ಹಾಕ್ಲಿ?" ಎಂದು ಕೇಳಿದಳು.

"ಎರಡು," ಎಂದಳು ಗುರಸಿದ್ದವ್ವ. ಮರ್ಯಾದೆ ಬಿಟ್ಟು ಅವಳು ಹೀಗೆ ಬಾಯಿಬಿಟ್ಟು ಕೇಳಿದ್ದನ್ನು ಕಸ್ತೂರಿ ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಆ ಖಾನಾವಳಿಯಲ್ಲಿ ಸಾಕು ಎಂದರೆ ಸಾಕು ಎಂಬ ಕಾನೂನು ಬಂತು. ಮೊದಮೊದಲು ಗಿರಾಕಿಗಳ ಪಾಡು ನಾಯಿಪಾಡು. ಮರ್ಯಾದೆಗೆಂದು ಸಾಕು ಎಂದವರು ಅರೆಹೊಟ್ಟೆಯಲ್ಲಿ ಕೂತು, ಮುಂದಿನ ಸಾಲಿಗೆ ಹೋದ ಬುಟ್ಟಿಯನ್ನೇ ನೋಡುತ್ತಿದ್ದರು. ವಾರ ಕಳೆಯುವುದರೊಳಗೆ ಎಲ್ಲರೂ ನೆಟ್ಟಗೆ 'ಇನ್ನೊಂದು ಕೊಡ್ರಿ' ಎನ್ನುವುದನ್ನು ಕಲಿತರು. ತಟ್ಟೆಯಲ್ಲಿ ಬಿಟ್ಟು ಏಳುವುದು ಕಡಿಮೆಯಾಯಿತು. ಶಿವಲಿಂಗನಿಗೆ ಇದು ಬಹಳ ಹಿಡಿಸಿತು.

ಐಸಿರಿಯ ಬಾಯಿಯ ಬೀಗವೂ ತೆರೆಯಿತು. ಮೊದಲು ಉದರವಾಣಿ ಸಾಕು ಎಂದಾಗ ಅವಳೂ ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ಒಟ್ಟಿಗೆ ಅನ್ನತೊಡಗಿದರು. ಕೆಲವು ವಾರಗಳಲ್ಲಿ ಹುಡುಗಿಯೇ ಯಂತ್ರಕ್ಕಿಂತ ಮೊದಲು ಹೇಳಿ, ಅದನ್ನು ಸೋಲಿಸಿದೆನೆಂದು ಬೀಗುತ್ತಿದ್ದಳು. ಶಾಲೆಯಿಂದ ಬಂದ ಕೂಡಲೇ ಉಂಡಿ ಕೊಡುವುದು ನಿಂತಿತು. ಅದರ ಬದಲು ಅಜ್ಜಿ ಮೊಮ್ಮಗಳು ಸೇರಿ ಜೋಳ ಬೀಸಿಸಲು ಗಿರಣಿಯವರೆಗೆ ನಡೆದುಹೋಗಿ ಬರುತ್ತಿದ್ದರು. ಬಂದಮೇಲೆ ಐಸಿರಿ ರೊಟ್ಟಿ ಬಡಿಯಲು ಕೂರುವಳು. ಅವಳ ರೊಟ್ಟಿಗಳು ಯಾವ ಭೂಪಟದಲ್ಲೂ ಇಲ್ಲದ ದೇಶಗಳ ಆಕಾರದಲ್ಲಿರುತ್ತಿದ್ದವು. ಗಿರಾಕಿಗಳು ಅವನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಒಂದು ಸಂಜೆ ಅವಳು ಗಾಬರಿಯಿಂದ ಕಸ್ತೂರಿಯ ಬಳಿ ಬಂದಳು. "ಅವ್ವ, ಹೊಟ್ಟ್ಯಾಗ ಗುರ್ ಅಂತೈತಿ. ಒಳಗ ಏನೋ ಖಾಲಿ ಆದಂಗ. ಜಡ್ಡೇನು?"

"ಜಡ್ಡಲ್ಲಬೇ, ಹುಚ್ಚಿ. ಅದಕ್ಕ ಹಸಿವು ಅಂತಾರ," ಎಂದು ಕಸ್ತೂರಿ ಮಗಳನ್ನು ಅಪ್ಪಿಕೊಂಡಳು. ಐಸಿರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆ ಹೊಸ ಸದ್ದನ್ನು ಸ್ವಲ್ಪ ಹೊತ್ತು ಕೇಳುತ್ತ ನಿಂತಳು. ಅಂದಿನ ಬರೀ ರೊಟ್ಟಿ ಮೊಸರಿಗೇ ಎಂಥ ರುಚಿಯಿತ್ತೆಂದು ಅವಳು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಯುಗಾದಿ ಬಂತು. ಡಾಕ್ಟರಮ್ಮ ತೂಕ ನೋಡಿದರು, ಅದು ಹೆಚ್ಚುಕಡಿಮೆ ಹಿಂದಿನಷ್ಟೇ ಇತ್ತು. ಎತ್ತರ ನೋಡಿದರು, ಹುಡುಗಿ ಚೆನ್ನಾಗಿ ಬೆಳೆದಿದ್ದಳು. ರಕ್ತದ ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು, ಯಕೃತ್ತು ಸುಧಾರಿಸುತ್ತಿತ್ತು. "ಸೂಜಿ ಮಾತು ಸದ್ಯಕ್ಕ ಬ್ಯಾಡ. ಹಿಂಗ ನಡೀಲಿ," ಎಂದು ಅವರು ಐಸಿರಿಯ ಕೆನ್ನೆ ತಟ್ಟಿದರು. ಐಸಿರಿ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲುಗಳನ್ನು ಓಡುತ್ತ ಇಳಿದು, ಸುಮ್ಮನೆ ಮತ್ತೆ ಹತ್ತಿ, ಮತ್ತೆ ಇಳಿದಳು.

ಇನ್ನು ಉಳಿದದ್ದು ಬಿಲ್ಲೆಯನ್ನು ಕೀಳುವ ಕೆಲಸ. ಕಸ್ತೂರಿ ಇನ್ನಷ್ಟು ದಿನ ಇರಲಿ ಎಂದಳು. ಮುಲ್ಲಾ ಒಪ್ಪಲಿಲ್ಲ. "ಜೀವನಪೂರ್ತಿ ಅಂಟಿಸಿಕೊಂಡು ಓಡ್ಯಾಡಿದ್ರ ಅದು ಕಲಿಸಿದಂಗ ಆಗಲಿಲ್ಲ ಕಸ್ತೂರಿ ಅವರ. ನಿಮ್ಮ ಮಗಳು ಪಾಸಾಗ್ಯಾಳ. ಭಯ ಇರೂದು ನಿಮಗ." ಐಸಿರಿ ತಾನೇ ಅದನ್ನು ಚರ್ಮದಿಂದ ಬಿಡಿಸಿ, "ಬರ್ತೀನಿ," ಎಂದು ಅದಕ್ಕೆ ಕೈ ಬೀಸಿ, ಮುಲ್ಲಾರ ಅಂಗೈಯಲ್ಲಿಟ್ಟಳು.

ಮುಂದಿನ ಭಾನುವಾರ ಖಾನಾವಳಿಗೆ ರಜೆ. ಐಸಿರಿ ಬೆಳಗಿನಿಂದ ಓಣಿಯ ಮಕ್ಕಳೊಂದಿಗೆ ಮೈದಾನದಲ್ಲಿದ್ದು, ಬೆವರು ಸುರಿಸುತ್ತ ಊಟಕ್ಕೆ ಬಂದಳು. ಅಂದು ಬಡಿಸುವವಳು ಕಸ್ತೂರಿ. ಹುಡುಗಿ ತನ್ನ ಪಾಲಿನ ರೊಟ್ಟಿಗಳನ್ನು ನಿಧಾನವಾಗಿ ಮುಗಿಸಿದಳು. ಕಸ್ತೂರಿ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಲು ಹೋದಳು.

"ಅವ್ವ, ಇನ್ನೊಂದು ಬೇಕು."

ಕಸ್ತೂರಿಯ ಕೈ ನಿಂತಿತು. ಅಭ್ಯಾಸಬಲದಿಂದ ಫೋನಿನ ಕಡೆ ನೋಡಿದಳು. ಪರದೆಯ ಮೇಲೆ ಗೆರೆಗಳಿರಲಿಲ್ಲ. ಈ ಹುಡುಗಿಗೆ ನಿಜವಾಗಿ ಹಸಿವೋ, ಬರೀ ಆಸೆಯೋ, ಹಳೇ ಚಾಳಿ ಮರಳಿ ಬಂತೋ? ಹೇಳುವವರು ಯಾರೂ ಇರಲಿಲ್ಲ. ಯಕೃತ್ತಿನ ಚಿತ್ರ, ಸಕ್ಕರೆಯ ಅಂಕಿ, ಸೂಜಿ ಎಲ್ಲ ಒಮ್ಮೆಗೇ ಅವಳ ಕಣ್ಣ ಮುಂದೆ ಬಂದವು.

"ಖರೇನ ಬೇಕೇನು? ಸಾಕಾಗಿಲ್ಲೇನು?" ಎಂದಳು. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಅರ್ಧಕ್ಕೆ ಮುರಿದಳು.

ಐಸಿರಿ ಅವಳ ಮುಖ ನೋಡಿದಳು, ಮುರಿದ ರೊಟ್ಟಿ ನೋಡಿದಳು. ಏನೋ ಹೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡು ತಟ್ಟೆಯತ್ತ ತಲೆ ತಗ್ಗಿಸಿದಳು.

ಆ ಮುಚ್ಚಿದ ಬಾಯಿಯನ್ನು ಕಸ್ತೂರಿ ಬಲ್ಲಳು. ಇಷ್ಟು ತಿಂಗಳು ಮನೆಮಂದಿಯೆಲ್ಲ ಸೇರಿ ಈ ಹುಡುಗಿ ಸಾಕು ಎಂದರೆ ನಂಬುವುದನ್ನು ಕಲಿತಿದ್ದರು. ಬೇಕು ಎಂದರೆ ನಂಬುವುದನ್ನು ತಾನಿನ್ನೂ ಕಲಿತೇ ಇಲ್ಲ ಎಂದು ತಿಳಿದು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಅವಳು ಮುರಿದ ತುಂಡುಗಳನ್ನು ಪಕ್ಕಕ್ಕಿಟ್ಟಳು. ಒಳಗೆ ಹೋಗಿ, ಅತ್ತೆ ಬೇಯಿಸುತ್ತಿದ್ದ ಹಂಚಿನ ಮೇಲಿಂದ ಆಗತಾನೆ ಉಬ್ಬಿದ ಇಡೀ ರೊಟ್ಟಿಯನ್ನು ತಂದು ಮಗಳ ತಟ್ಟೆಗೆ ಹಾಕಿದಳು.

"ಉಣ್ಣು," ಎಂದಳು.

ಐಸಿರಿ ಕಣ್ಣರಳಿಸಿ ರೊಟ್ಟಿ ಮುರಿದಳು. ಅವಳು ಎಷ್ಟು ತಿಂದಳು, ಎಷ್ಟು ಬಿಟ್ಟಳು ಎಂದು ಕಸ್ತೂರಿ ನೋಡಲಿಲ್ಲ. ತಾನೂ ಒಂದು ತಟ್ಟೆ ಹಾಕಿಕೊಂಡು ಮಗಳ ಎದುರಿಗೆ ಊಟಕ್ಕೆ ಕೂತಳು.